ಹಳಿ ಹೋಯ್ತು, ದಾರಿ ಉಳೀತು: ಅಕಿಲ್ ರೈಲಿನ ಕಥೆ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಕೆಲಸ ಮುಗಿಸಿ ಸಮಾಧಾನವಾಗಿ ಕೂತಾಗ ಓದಿ. ವಿಷಯ ನಮ್ಮ ಸೀಮೆಯದಲ್ಲ, ಐರ್ಲೆಂಡಿನದು. ಆದ್ರೆ ಆಲೂಗಡ್ಡೆ, ಅಂಗಮಾರಿ, ಗೇಣಿ, ಗುಳೆ, ಜಮೀನಿನ ನಡುವೆ ಹಾದುಹೋಗೋ ದಾರಿ, ಇಷ್ಟೂ ಇದರಲ್ಲಿ ಬರುತ್ತೆ. ಹಾಗಾಗಿ ನಮ್ಮವರಿಗೆ ಪರಕೀಯ ಅನ್ನಿಸಲಿಕ್ಕಿಲ್ಲ.

ಐರ್ಲೆಂಡಿನ ಪಶ್ಚಿಮ ಅಂಚಿನಲ್ಲಿ ಮೇಯೊ ಅಂತ ಒಂದು ಜಿಲ್ಲೆ ಇದೆ. ಅಲ್ಲಿ ವೆಸ್ಟ್‌ಪೋರ್ಟ್ ಎಂಬ ಪಟ್ಟಣದಿಂದ ಅಕಿಲ್ ಎಂಬ ದ್ವೀಪದ ತನಕ 42 ಕಿಲೋಮೀಟರ್ ಉದ್ದದ ಒಂದು ಸೈಕಲ್ ದಾರಿ. ಹೆಸರು ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ. ಕಾರಿಲ್ಲ, ಲಾರಿಯಿಲ್ಲ. ಒಂದು ಕಡೆ ಕ್ಲೂ ಕೊಲ್ಲಿಯ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಕುರಿ ಮೇಯೋ ಹುಲ್ಲುಗಾವಲು. ಅಪ್ಪ ಅಮ್ಮ ಮುಂದೆ, ಮಕ್ಕಳು ಹಿಂದೆ, ಇನ್ನೂ ಚಿಕ್ಕವು ಸೈಕಲ್ಲಿಗೆ ಕಟ್ಟಿದ ಪುಟ್ಟ ಗಾಡಿಯಲ್ಲಿ. ಅಜ್ಜ ಅಜ್ಜಿಯರೂ ಬಾಡಿಗೆ ಸೈಕಲ್ ಹಿಡಿದು ಹೋಗ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದ ಮೇಲೆ ವಾಪಸ್ ತುಳಿಯೋ ಶಕ್ತಿ ಇಲ್ಲದಿದ್ರೆ ಸೈಕಲ್ ಬಾಡಿಗೆಗೆ ಕೊಡೋರೇ ವ್ಯಾನಿನಲ್ಲಿ ಕರ್ಕೊಂಡು ಬರ್ತಾರೆ. ಪೂರ್ತಿ ತುಳಿಯಬೇಕು ಅಂತಲೂ ಇಲ್ಲ. ವೆಸ್ಟ್‌ಪೋರ್ಟಿನಿಂದ ನ್ಯೂಪೋರ್ಟಿಗೆ 11 ಕಿಲೋಮೀಟರ್, ಅಲ್ಲಿಂದ ಮಲ್‌ರಾನಿಗೆ 18, ಅಲ್ಲಿಂದ ಅಕಿಲ್‌ಗೆ 13. ಒಂದು ತುಂಡು ಆರಿಸ್ಕೊಂಡು ಅರ್ಧ ದಿನದಲ್ಲಿ ಮುಗಿಸಬಹುದು.

ಅಷ್ಟು ಗುಡ್ಡಗಾಡಿನಲ್ಲಿ ಆರು ವರ್ಷದ ಮಗು ಕೂಡ ಸೈಕಲ್ ತುಳಿಯೋಕೆ ಹೇಗೆ ಆಗುತ್ತೆ? ಇದು ಮೊದಲು ರೈಲಿನ ದಾರಿ ಆಗಿತ್ತು, ಅದಕ್ಕೇ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಬಲು ಹಗುರವಾಗಿ ಉರುಳುತ್ತೆ, ಆದ್ರೆ ಏರು ಬಂದ್ರೆ ಜಾರುತ್ತೆ. ಐವತ್ತು ಅಡಿಗೆ ಒಂದು ಅಡಿ ಏರಿದರೂ ರೈಲಿಗೆ ಅದು ಕಡಿದಾದ ಏರು. ಅದಕ್ಕೇ ರೈಲು ದಾರಿ ಮಾಡೋರು ದಿಣ್ಣೆ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ಪೇರಿಸಿ, ಹಳ್ಳ ಬಂದಲ್ಲಿ ಕಮಾನು ಕಟ್ಟಿ, ನೆಲವನ್ನ ಒಂದು ಮಟ್ಟಕ್ಕೆ ತಂದಿರ್ತಾರೆ. ತಿರುವುಗಳೂ ದೊಡ್ಡವು, ಗಕ್ಕನೆ ತಿರುಗೋದಿಲ್ಲ. ನೂರು ವರ್ಷದ ಹಿಂದೆ ಎಂಜಿನ್‌ಗೋಸ್ಕರ ಪಿಕಾಸಿ ಹಿಡಿದು ಮಾಡಿದ ಆ ಮಟ್ಟ ಇವತ್ತು ಮಕ್ಕಳ ಕಾಲಿಗೆ ಅನುಕೂಲ ಆಗಿದೆ.

ಆ ಪಿಕಾಸಿ ಹಿಡಿದೋರು ಯಾರು, ಆ ರೈಲು ಯಾಕೆ ಬಂತು, ಯಾಕೆ ಹೋಯ್ತು ಅನ್ನೋದೇ ಇವತ್ತಿನ ವಿಷಯ.

ಮೇಯೊ ಜಿಲ್ಲೆ ಐರ್ಲೆಂಡಿನ ಬಡ ಜಿಲ್ಲೆಗಳಲ್ಲಿ ಒಂದಾಗಿತ್ತು. ಜೌಗು ನೆಲ, ಕಲ್ಲು, ಬಿಡದೆ ಸುರಿಯೋ ಮಳೆ. ಒಳ್ಳೆ ನೆಲವೆಲ್ಲ ಜಮೀನ್ದಾರರದ್ದು, ಉಳಿದ ಚೂರುಪಾರು ಗೇಣಿದಾರರ ಪಾಲಿಗೆ. ಅಂಥ ಚೂರು ನೆಲದಲ್ಲಿ ಇಡೀ ಸಂಸಾರದ ಹೊಟ್ಟೆ ತುಂಬಿಸೋ ಬೆಳೆ ಒಂದೇ, ಆಲೂಗಡ್ಡೆ. 1845ರಲ್ಲಿ ಆ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ನಮ್ಮ ಹಾಸನದ ಕಡೆಯ ಬೆಳೆಗಾರರಿಗೆ ಇದನ್ನ ವಿವರಿಸಬೇಕಾಗಿಲ್ಲ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದ್ರೆ ಹಸಿರಾಗಿದ್ದ ಹೊಲ ಕೆಲವೇ ದಿನದಲ್ಲಿ ಸುಟ್ಟ ಹಾಗೆ ಕಪ್ಪಾಗೋದನ್ನ ಅವರು ಕಂಡವರೇ. ಅದೇ ರೋಗ, ಅದೇ ರೋಗಾಣು. ಔಷಧಿ ಏನೂ ಇಲ್ಲದ ಕಾಲದಲ್ಲಿ ಅದು ಮತ್ತೆ ಮತ್ತೆ ಬಂತು. ಐದಾರು ವರ್ಷದಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರದಿಂದ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ದೇಶದಿಂದ ಧಾನ್ಯ, ಬೆಣ್ಣೆ, ದನ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಾನೇ ಇದ್ದವು.

ಬರಗಾಲದ ನೆನಪು ಮಾಸೋ ಮುಂಚೆಯೇ ಮೇಯೊದ ರೈತರು ಎದ್ದರು. ಬರಗಾಲದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮನೆಯಿಂದ ಹೊರದೂಡಿಸಿಕೊಂಡ ಗೇಣಿದಾರನ ಮಗ ಮೈಕಲ್ ಡ್ಯಾವಿಟ್. ಇದೇ ಜಿಲ್ಲೆಯವರು. ಅವರ ಮುಂದಾಳ್ತನದಲ್ಲಿ 1879ರಲ್ಲಿ ಲ್ಯಾಂಡ್ ಲೀಗ್ ಹುಟ್ಟಿತು. ಮರುವರ್ಷ ಇದೇ ಜಿಲ್ಲೆಯ ಲಾಕ್ ಮಾಸ್ಕ್ ಕಡೆ ಒಂದು ಘಟನೆ ನಡೀತು. ಬೆಳೆ ಸರಿಯಿಲ್ಲ, ಗೇಣಿಯಲ್ಲಿ ನೂರಕ್ಕೆ ಇಪ್ಪತ್ತೈದು ಕಡಿಮೆ ಮಾಡಿ ಅಂತ ಗೇಣಿದಾರರು ಕೇಳಿದ್ರು. ಜಮೀನ್ದಾರನ ಏಜೆಂಟ್ ಒಪ್ಪಲಿಲ್ಲ, ನೂರಕ್ಕೆ ಹತ್ತು ಅಂದ. ಊರಿನವರು ಹೊಡೆದಾಟಕ್ಕೆ ಹೋಗಲಿಲ್ಲ. ಅವನ ಹೊಲದ ಕೂಲಿಗೆ ಹೋಗಲಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಕಾಗದ ತಲುಪಿಸಲಿಲ್ಲ. ಕೊನೆಗೆ ಅವನ ಹೊಲದ ಬೆಳೆ ಕೀಳೋಕೆ ಉತ್ತರದಿಂದ ಐವತ್ತು ಆಳುಗಳನ್ನ ಕರೆಸಿ, ಅವರ ಕಾವಲಿಗೆ ಸರ್ಕಾರ ಸೈನ್ಯ ಕಳಿಸಬೇಕಾಯ್ತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚು ಎಷ್ಟೋ ಪಟ್ಟು ಹೆಚ್ಚಾಯ್ತು. ಆ ಏಜೆಂಟನ ಹೆಸರು ಚಾರ್ಲ್ಸ್ ಬಾಯ್ಕಾಟ್. ಇವತ್ತು ನಾವು ಕನ್ನಡದಲ್ಲೂ ಆಡೋ 'ಬಾಯ್ಕಾಟ್' ಮಾತು ಬಂದದ್ದು ಅವನ ಹೆಸರಿನಿಂದ. ಲಾಕ್ ಮಾಸ್ಕ್‌ಗೆ ಬರೋ ಮುಂಚೆ ಅವನು ವರ್ಷಾನುಗಟ್ಟಲೆ ಜಮೀನು ಮಾಡ್ತಿದ್ದದ್ದು ನಾವು ಹೇಳ್ತಿರೋ ಅಕಿಲ್ ದ್ವೀಪದಲ್ಲೇ.

ಈಗ ರೈಲಿಗೆ ಬರೋಣ. ರೈತರ ಚಳವಳಿ ಕಾವೇರಿದಾಗ ಬ್ರಿಟಿಷ್ ಸರ್ಕಾರ ಎರಡು ಕೈಯಲ್ಲಿ ಕೆಲಸ ಮಾಡಿತು. ಒಂದು ಕೈಯಲ್ಲಿ ಲಾಠಿ, ಇನ್ನೊಂದರಲ್ಲಿ ಅಭಿವೃದ್ಧಿ. ಐರ್ಲೆಂಡಿನ ಆಡಳಿತ ನೋಡ್ತಿದ್ದ ಆರ್ಥರ್ ಬಾಲ್ಫರ್ ಕಾಲದಲ್ಲಿ, 1889ರಲ್ಲಿ, ಒಂದು ಕಾನೂನು ಬಂತು. ಲಾಭ ಬರಲ್ಲ ಅಂತ ಕಂಪನಿಗಳು ಮುಟ್ಟದ ಬಡ ಸೀಮೆಗಳಿಗೆ ಸರ್ಕಾರದ ದುಡ್ಡಿನಿಂದ ರೈಲು ಹಾಕೋದು. 1891ರಲ್ಲಿ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಅಂತ ಒಂದು ಮಂಡಳಿಯೂ ಬಂತು. 'ಕಂಜೆಸ್ಟೆಡ್' ಅಂದ್ರೆ ಜನ ಕಿಕ್ಕಿರಿದ ಊರು ಅಂತಲ್ಲ, ಇರೋ ಜನರನ್ನ ಅಲ್ಲಿನ ನೆಲ ಸಾಕೋಕೆ ಆಗದ ಸೀಮೆ ಅಂತ ಲೆಕ್ಕ. ವೆಸ್ಟ್‌ಪೋರ್ಟಿನಿಂದ ಅಕಿಲ್‌ಗೆ ರೈಲು ಅಂತ ತೀರ್ಮಾನ ಆಯ್ತು. ಅಕಿಲ್‌ನ ಮೀನು ಪೇಟೆಗೆ ಹೋಗಲಿ, ಪ್ರವಾಸಿಗಳು ಬರಲಿ, ಹಸಿದ ಜನಕ್ಕೆ ದಾರಿ ಮಾಡೋ ಕೂಲಿಯಾದ್ರೂ ಸಿಗಲಿ ಅನ್ನೋದು ಲೆಕ್ಕಾಚಾರ. ಸ್ಥಳೀಯ ರೈತರೇ ಮಣ್ಣು ಹೊತ್ತರು. ನ್ಯೂಪೋರ್ಟಿನಲ್ಲಿ ಹೊಳೆಗೆ ಅಡ್ಡಲಾಗಿ ಏಳು ಕಮಾನಿನ ಕೆಂಪು ಕಲ್ಲಿನ ಸೇತುವೆ ಎದ್ದಿತು. ಇವತ್ತಿಗೂ ಅದರ ಮೇಲೆ ಜನ ನಡೀತಾರೆ. 1894ರಲ್ಲಿ ಮಲ್‌ರಾನಿ ತನಕ, 1895ರಲ್ಲಿ ಅಕಿಲ್ ತನಕ ರೈಲು ಓಡಿತು. 1897ರಲ್ಲಿ ಮಲ್‌ರಾನಿಯಲ್ಲಿ ರೈಲ್ವೆ ಕಂಪನಿ ಒಂದು ದೊಡ್ಡ ಹೋಟೆಲ್ ಕೂಡ ಕಟ್ಟಿತು.

ಮೀನು ಹೋಯ್ತು, ಪ್ರವಾಸಿಗಳು ಬಂದರು. ಆದ್ರೆ ಈ ರೈಲಿನ ದೊಡ್ಡ ಸಾಗಾಟ ಅಂದ್ರೆ ಜನ. ಗುಳೆ ಹೋಗೋ ಜನ.

ನಮ್ಮ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ಗಂಟು ಕಟ್ಟಿಕೊಂಡು ಹೊರಡುತ್ತಲ್ಲ, ಹಾಗೇ ಅಕಿಲ್‌ನವರು ಪ್ರತಿ ಜೂನಿನಲ್ಲಿ ಸ್ಕಾಟ್ಲೆಂಡಿಗೆ ಆಲೂಗಡ್ಡೆ ಕೀಳೋಕೆ ಹೋಗ್ತಿದ್ರು. ಮೇಸ್ತ್ರಿಯೊಬ್ಬ ಇಪ್ಪತ್ತು ಇಪ್ಪತ್ತೈದು ಜನರ ತಂಡ ಕಟ್ಟೋನು. ಹೆಚ್ಚಿನವರು ಹದಿನಾಲ್ಕರಿಂದ ಇಪ್ಪತ್ತರ ಒಳಗಿನ ಹುಡುಗ ಹುಡುಗಿಯರು. ಮುಂದೆ ಒಬ್ಬ ಅಗೀತಾ ಹೋದ್ರೆ ಹುಡುಗಿಯರು ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಗೆಡ್ಡೆ ಆಯ್ತಾ ಹಿಂದೆ ಹೋಗೋರು. ರಾತ್ರಿ ಮಲಗೋಕೆ ರೈತನ ಕೊಟ್ಟಿಗೆ, ಹಾಸೋಕೆ ಹುಲ್ಲು. ಒಂದು ಹೊಲ ಮುಗಿದ ಮೇಲೆ ಇನ್ನೊಂದು ಹೊಲ, ನವೆಂಬರ್ ತನಕ. ಆ ದುಡ್ಡಿನಲ್ಲೇ ಊರಲ್ಲಿ ಗೇಣಿ ಕಟ್ಟಬೇಕು, ಅಂಗಡಿ ಸಾಲ ತೀರಿಸಬೇಕು. ಅವರ ಊರಿನ ನೆಲ ಅವರಿಗೆ ಅನ್ನ ಕೊಡಲಿಲ್ಲ. ಅನ್ಯರ ಹೊಲದ ಆಲೂಗಡ್ಡೆ ಕಿತ್ತು ಬಂದ ದುಡ್ಡು ಅವರ ನೆಲವನ್ನ ಉಳಿಸ್ತಿತ್ತು.

1894ರ ಜೂನ್ 14. ರೈಲು ಇನ್ನೂ ಅಕಿಲ್‌ಗೆ ಬಂದಿಲ್ಲ. ಗುಳೆ ಹೊರಟ ನೂರಾರು ಜನ ನಾಲ್ಕು ಹಾಯಿ ದೋಣಿಗಳಲ್ಲಿ ವೆಸ್ಟ್‌ಪೋರ್ಟಿನ ಹಡಗುಕಟ್ಟೆಗೆ ಬರ್ತಿದ್ರು. ಅಲ್ಲಿ ಗ್ಲಾಸ್ಗೋಗೆ ಹೋಗೋ ಉಗಿ ಹಡಗು ನಿಂತಿತ್ತು. ಒಂದು ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನ. ಬಹಳ ಮಂದಿ ಮೊದಲ ಸಲ ಊರು ಬಿಟ್ಟ ಮಕ್ಕಳು, ಅಂಥ ದೊಡ್ಡ ಹಡಗು ನೋಡಿದ್ದೇ ಇಲ್ಲ. ಹತ್ತಿರ ಬರ್ತಿದ್ದ ಹಾಗೆ ನೋಡೋಕೆ ಅಂತ ಎಲ್ಲರೂ ಒಂದೇ ಬದಿಗೆ ಎದ್ದು ಬಂದರು. ದೋಣಿ ಮಗುಚಿತು, ಹಾಯಿ ಬಟ್ಟೆ ನೀರಿನಲ್ಲಿ ಅವರ ಮೇಲೇ ಬಿತ್ತು. ದಡ ಕಣ್ಣಿಗೆ ಕಾಣ್ತಿದ್ದ ಜಾಗದಲ್ಲಿ 32 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹುಡುಗಿಯರು. ಹೆಣ ಊರಿಗೆ ತರಬೇಕು. ಉದ್ಘಾಟನೆಯೇ ಆಗದ ಹೊಸ ಹಳಿಯ ಮೇಲೆ ವಿಶೇಷ ರೈಲು ಬಿಟ್ಟು ಶವಪೆಟ್ಟಿಗೆಗಳನ್ನ ಅಕಿಲ್ ಕಡೆಗೆ ತಂದರು. ಆ ಹಳಿಯ ಮೊದಲ ರೈಲು ಅದೇ ಅಂತ ಜನ ಇವತ್ತಿಗೂ ಹೇಳ್ತಾರೆ.

ಆ ಮೇಲೆ ನಲವತ್ತು ವರ್ಷ ರೈಲು ಓಡಿತು. ರೈಲು ಬಂದ ಮೇಲೂ ಗುಳೆ ನಿಲ್ಲಲಿಲ್ಲ, ಇನ್ನೂ ಸುಲಭ ಆಯ್ತು. ಅಷ್ಟರಲ್ಲಿ ಐರ್ಲೆಂಡ್ ಸ್ವತಂತ್ರವಾಯ್ತು, ಗೇಣಿದಾರರು ಜಮೀನಿನ ಒಡೆಯರಾದರು, ಬಸ್ಸು ಲಾರಿ ಬಂದವು. ರೈಲಿಗೆ ಆದಾಯ ಸಾಲದೆ 1934ರ ಕೊನೆಗೆ ಪ್ರಯಾಣಿಕರ ರೈಲು ನಿಂತಿತು. ರಸ್ತೆ ರಿಪೇರಿ ಶುರುವಾದ ಕಾರಣ 1936ರಲ್ಲಿ ಮತ್ತೆ ಸ್ವಲ್ಪ ಕಾಲ ಓಡಿತು.

1937ರ ಸೆಪ್ಟೆಂಬರ್ 16ರ ರಾತ್ರಿ ಸ್ಕಾಟ್ಲೆಂಡಿನ ಕರ್ಕಿನ್‌ಟಿಲಕ್ ಎಂಬ ಊರಿನಲ್ಲಿ ಅಕಿಲ್‌ನ ಒಂದು ತಂಡ ಉಳಿದುಕೊಂಡಿತ್ತು. ಹುಡುಗರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಪಕ್ಕದ ಕೋಣೆಯಲ್ಲಿದ್ದ ಹುಡುಗಿಯರು ಪಾರಾದರು. ಒಳಗಿದ್ದ ಹತ್ತು ಹುಡುಗರು ಹೊರಗೆ ಬರಲಾಗದೆ ಸತ್ತರು. ಚಿಕ್ಕವನಿಗೆ ಹದಿಮೂರು, ದೊಡ್ಡವನಿಗೆ ಇಪ್ಪತ್ತಮೂರು. ಹತ್ತೂ ಶವಪೆಟ್ಟಿಗೆಗಳು ಅದೇ ಹಳಿಯ ಮೇಲೆ ಅಕಿಲ್‌ಗೆ ಬಂದವು. ಆ ತಿಂಗಳು ಮುಗಿಯುತ್ತಿದ್ದಂತೆ ರೈಲು ಶಾಶ್ವತವಾಗಿ ನಿಂತಿತು. ದೋಣಿಯಲ್ಲಿ ಸತ್ತವರನ್ನೂ ಬೆಂಕಿಯಲ್ಲಿ ಸತ್ತವರನ್ನೂ ಮಣ್ಣು ಮಾಡಿದ್ದು ಕಡಲಂಚಿನ ಕಿಲ್‌ಡ್ಯಾವ್‌ನೆಟ್ ಎಂಬ ಒಂದೇ ಸ್ಮಶಾನದಲ್ಲಿ.

ಆ ಸೀಮೆಯಲ್ಲಿ ಬ್ರಿಯಾನ್ ರುವಾ ಎಂಬ ಕಾಲಜ್ಞಾನಿಯ ಕಥೆ ಇದೆ. ಹದಿನೇಳನೇ ಶತಮಾನದವನು. ಮುಂದೊಂದು ದಿನ ಕಬ್ಬಿಣದ ಚಕ್ರದ ಬಂಡಿಗಳು ಬೆಂಕಿ ಹೊಗೆ ಉಗುಳ್ತಾ ಅಕಿಲ್‌ಗೆ ಬರ್ತಾವೆ, ಮೊದಲನೇದೂ ಕೊನೇದೂ ಹೆಣ ಹೊತ್ತು ತರ್ತಾವೆ ಅಂತ ಅವನು ನುಡಿದಿದ್ದನಂತೆ. ಕೈವಾರ ತಾತಯ್ಯನ, ಕೊಡೇಕಲ್ ಬಸವಣ್ಣನ ಕಾಲಜ್ಞಾನ ಕೇಳಿ ಬೆಳೆದ ನಮಗೆ ಈ ತರದ ಮಾತಿನ ತೂಕ ಗೊತ್ತು. ಇತಿಹಾಸದ ಲೆಕ್ಕ ಹಿಡಿದ್ರೆ ಪಟ್ಟಿಯಲ್ಲಿದ್ದ ಮೊದಲ ರೈಲು ಬಂದದ್ದು ದುರಂತದ ಮೇಲೆ, ಕೊನೆಯದ್ದು ಹೋದದ್ದು ಬೆಂಕಿಯಾಗಿ ಎರಡು ವಾರ ಆದ ಮೇಲೆ. ಆದ್ರೆ ಜನರ ನೆನಪು ಟೈಮ್‌ಟೇಬಲ್ ನೋಡಿ ನಡೆಯಲ್ಲ. ನನಗೆ ಕಾಣೋದು ಇಷ್ಟು: ವರ್ಷ ವರ್ಷ ಮಕ್ಕಳನ್ನ ಗುಳೆ ಕಳಿಸೋ ಊರಿಗೆ ಹೆಣ ಬರುತ್ತೆ ಅಂತ ಹೇಳೋಕೆ ಕಾಲಜ್ಞಾನಿ ಬೇಕಾಗಿಲ್ಲ.

ಇನ್ನು ದಾರಿಯ ವಿಷಯ. ರೈಲು ನಿಂತ ಮೇಲೆ ಹಳಿ ಕಿತ್ತರು. ನೆಲ ಅಕ್ಕಪಕ್ಕದ ರೈತರ ಕೈ ಸೇರಿತು. ಹಳಿ ಇದ್ದ ಪಟ್ಟಿಯಲ್ಲಿ ಹುಲ್ಲು ಬಂತು, ಬೇಲಿ ಬಂತು, ಕೆಲವು ಕಡೆ ಗೊಬ್ಬರದ ಗುಂಡಿಯ ಹಾಗೆ, ಕೆಲವು ಕಡೆ ಟ್ರ್ಯಾಕ್ಟರ್ ದಾರಿಯಾಗಿ ಬಳಕೆಯಾಯ್ತು. ಎಪ್ಪತ್ತು ವರ್ಷ ಹಾಗೇ ಇತ್ತು.

2009ರ ಸುಮಾರಿಗೆ ಮೇಯೊ ಜಿಲ್ಲಾಡಳಿತ ಇಲ್ಲಿ ಸೈಕಲ್ ದಾರಿ ಮಾಡೋಣ ಅಂತ ಹೊರಟಿತು. ನೆಲ ಮಾತ್ರ ಸರ್ಕಾರದ್ದಲ್ಲ, ನೂರೈವತ್ತಕ್ಕೂ ಹೆಚ್ಚು ಜಮೀನುದಾರರದ್ದು. ನಡುವಿನ ಒಬ್ಬನು ಒಲ್ಲೆ ಅಂದ್ರೂ ದಾರಿ ತುಂಡಾಗುತ್ತೆ. ಕಾನೂನು ಹಿಡಿದು ಭೂಸ್ವಾಧೀನ ಮಾಡಬಹುದಿತ್ತು. ಅವರು ಮಾಡಲಿಲ್ಲ. ಅಧಿಕಾರಿಗಳು ಮನೆಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತಾಡಿದ್ರು. ಒಪ್ಪಂದ ಹೀಗಿತ್ತು: ಭೂಮಿ ರೈತನ ಹೆಸರಲ್ಲೇ ಇರುತ್ತೆ. ಜನ ಓಡಾಡೋಕೆ ಅವನು ಒಪ್ಪಿಗೆ ಮಾತ್ರ ಕೊಡ್ತಾನೆ. ಎಷ್ಟು ವರ್ಷ ಓಡಾಡಿದ್ರೂ ಅದು ಸಾರ್ವಜನಿಕರ ಹಕ್ಕಾಗೋದಿಲ್ಲ. ದಾರಿ ಮಾಡೋದು, ಬೇಲಿ, ಗೇಟು, ನಿರ್ವಹಣೆ ಜಿಲ್ಲಾಡಳಿತದ ಹೊಣೆ.

ಇಲ್ಲಿ 'ಹಕ್ಕಾಗೋದಿಲ್ಲ' ಅನ್ನೋ ಮಾತನ್ನ ಗಮನಿಸಿ. ನಮ್ಮಲ್ಲೂ ಒಬ್ಬನ ಹೊಲದ ಬದುವಿನ ಮೇಲೆ ಹತ್ತು ವರ್ಷ ಬಂಡಿ ಓಡಾಡಿತು ಅಂದ್ರೆ ಹನ್ನೊಂದನೇ ವರ್ಷ ಅದು ಬಂಡಿದಾರಿ ಅಂತ ಜಗಳ ಶುರುವಾಗುತ್ತೆ. ಒಳ್ಳೆ ಮನಸ್ಸಿನಿಂದ ದಾರಿ ಬಿಟ್ಟವನೇ ತಹಸೀಲ್ದಾರ್ ಕಚೇರಿ ಅಲೀಬೇಕಾಗುತ್ತೆ. ಆ ಹೆದರಿಕೆ ಇದ್ದಲ್ಲಿ ಯಾರೂ ದಾರಿ ಬಿಡೋದಿಲ್ಲ. ಎರಡನೇ ಹೆದರಿಕೆ, ಯಾರಾದ್ರೂ ಬಿದ್ದು ಕಾಲು ಮುರ್ಕೊಂಡು ಪರಿಹಾರ ಕೇಳಿದ್ರೆ? ಐರ್ಲೆಂಡಿನಲ್ಲಿ 1995ರ ಒಂದು ಕಾನೂನು ಇದಕ್ಕೆ ಸ್ವಲ್ಪ ಉತ್ತರ ಕೊಟ್ಟಿತ್ತು. ಮನರಂಜನೆಗೆ ಬಂದವರಿಗೆ ಜಮೀನಿನವನು ಬೇಕಂತ ಕೆಡುಕು ಮಾಡಬಾರದು, ಲೆಕ್ಕಿಸದೆ ಅಪಾಯಕ್ಕೆ ದೂಡಬಾರದು, ಅಷ್ಟೇ ಅವನ ಹೊಣೆ. ಇವೆರಡು ಇಲ್ಲದಿದ್ರೆ ಎಷ್ಟೇ ಚಹಾ ಕುಡಿದು ಮಾತಾಡಿದ್ರೂ ರೈತರು ಒಪ್ಪೋದು ಕಷ್ಟವಿತ್ತು.

2010ರಲ್ಲಿ ನ್ಯೂಪೋರ್ಟ್–ಮಲ್‌ರಾನಿ ನಡುವಿನ 18 ಕಿಲೋಮೀಟರ್ ತೆರೆಯಿತು. 2011ರ ಜುಲೈಯಲ್ಲಿ 42 ಕಿಲೋಮೀಟರ್ ಪೂರ್ತಿಯಾಯ್ತು. ಉದ್ಘಾಟನೆ ಮಾಡಿದ್ದು ಅದೇ ಜಿಲ್ಲೆಯವರಾದ ಅಂದಿನ ಪ್ರಧಾನಿ ಎಂಡಾ ಕೆನ್ನಿ. ಸೈಕಲ್ ಅಂಗಡಿ, ಚಹಾದಂಗಡಿ, ಉಳಿಯೋ ಮನೆಗಳು ಎದ್ದವು. 1897ರ ಆ ರೈಲ್ವೆ ಹೋಟೆಲಿಗೆ ಮತ್ತೆ ರೈಲು ದಾರಿಯಿಂದಲೇ ಗಿರಾಕಿ ಬರೋ ಹಾಗಾಯ್ತು.

ಇದನ್ನ ನೋಡಿ ದೇಶದ ಬೇರೆ ಕಡೆಯೂ ಗ್ರೀನ್‌ವೇ ಬೇಕು ಅಂತ ಹುಮ್ಮಸ್ಸು ಬಂತು. ಆದ್ರೆ ಎಲ್ಲಾ ಕಡೆ ಅಡುಗೆಮನೆಯ ಮಾತು ನಡೆಯಲಿಲ್ಲ. ಡಬ್ಲಿನ್‌ನಿಂದ ಗಾಲ್ವೇಗೆ ದೇಶದ ಉದ್ದಗಲ ದಾಟೋ ದಾರಿ ಯೋಜಿಸಿದ್ರು. ಪೂರ್ವದ ಭಾಗ ಸರ್ಕಾರದ ಕಾಲುವೆ ದಂಡೆ, ಹಳೇ ರೈಲು ದಾರಿ, ಅಡ್ಡಿಯಾಗಲಿಲ್ಲ. ಪಶ್ಚಿಮಕ್ಕೆ ಬಂದಾಗ ಗೆರೆ ಖಾಸಗಿ ಹೊಲಗಳನ್ನ ಎರಡು ತುಂಡು ಮಾಡಿತು. ಈ ಕಡೆ ಕೊಟ್ಟಿಗೆ, ಆ ಕಡೆ ಹುಲ್ಲು, ನಡುವೆ ಸೈಕಲ್. ದಿನಕ್ಕೆರಡು ಸಲ ಹಾಲು ಕರೆಯೋಕೆ ದನ ದಾಟಿಸೋನ ಗತಿ ಏನು? ಭೂಸ್ವಾಧೀನದ ಮಾತು ಬಂದ ಕೂಡಲೇ ರೈತರು ತಿರುಗಿಬಿದ್ರು. 2015ರಲ್ಲಿ ಸರ್ಕಾರ ಆ ಭಾಗದ ಕೆಲಸ ನಿಲ್ಲಿಸಬೇಕಾಯ್ತು. ದಕ್ಷಿಣದ ಕೆರ್ರಿ ಜಿಲ್ಲೆಯಲ್ಲಿ 1960ರಲ್ಲಿ ಮುಚ್ಚಿದ ರೈಲು ದಾರಿಗೆ 2020ರಲ್ಲಿ ಭೂಸ್ವಾಧೀನಕ್ಕೆ ಒಪ್ಪಿಗೆ ಸಿಕ್ಕಿತು, ವಿಷಯ ಕೋರ್ಟಿಗೂ ಹೋಯ್ತು. ಕೊನೆಗೆ 2021ರಲ್ಲಿ ಗ್ರೀನ್‌ವೇ ಮಾಡೋಕೆ ಒಂದು ನಿಯಮಾವಳಿ ಬಂತು: ಮೊದಲು ಸರ್ಕಾರಿ ನೆಲ ನೋಡು, ಆಮೇಲೆ ರೈತನ ಜೊತೆ ಮಾತಾಡು, ಸಾಧ್ಯವಾದಷ್ಟು ಹೊಲದ ಅಂಚಿನಲ್ಲೇ ಹೋಗು, ಒಪ್ಪಿ ಬಿಟ್ಟುಕೊಟ್ಟವನಿಗೆ ಹೆಚ್ಚಿನ ಹಣ ಕೊಡು.

ದಾರಿ ಬೇಡ ಅಂದ ರೈತರನ್ನ ಅಭಿವೃದ್ಧಿ ವಿರೋಧಿಗಳು ಅಂತ ಪೇಟೆಯವರು ಬೈದದ್ದೂ ಉಂಟು. ಆದ್ರೆ ಆ ನೆಲ ಅವರ ಕೈಗೆ ಬಂದ ಬಗೆ ನೆನಪಿಟ್ಟುಕೊಳ್ಳಿ. ಅವರ ಮುತ್ತಜ್ಜ ಗೇಣಿ ಕಟ್ಟಲಾಗದೆ ಬೀದಿಗೆ ಬಿದ್ದವನು, ಅಜ್ಜಿ ಸ್ಕಾಟ್ಲೆಂಡಿನ ಕೆಸರಿನಲ್ಲಿ ಮಂಡಿಯೂರಿ ದುಡಿದವಳು. 'ಸಾರ್ವಜನಿಕ ಹಿತಕ್ಕೆ ಬೇಕು, ಬಿಟ್ಟುಕೊಡು' ಅಂತ ನೋಟೀಸು ಬಂದ್ರೆ ಆ ಮನೆಯಲ್ಲಿ ಅದು ಬೇರೆ ತರ ಕೇಳಿಸುತ್ತೆ. ಮೇಯೊದಲ್ಲಿ ಗೆದ್ದದ್ದು ಕೇಳೋ ರೀತಿ. ನೆಲ ನಿನ್ನದೇ ಅಂತ ಮೊದಲೇ ಒಪ್ಪಿಕೊಂಡು ಕೇಳಿದ್ರು. ಬಾಯ್ಕಾಟ್ ಕಾಲದಲ್ಲಿ ಇಡೀ ಊರು ಒಟ್ಟಾಗಿ 'ಆಗಲ್ಲ' ಅಂದ ಜಿಲ್ಲೆಯಲ್ಲಿ ನೂರೈವತ್ತು ಮನೆಯವರು ಒಟ್ಟಾಗಿ 'ಆಗಲಿ' ಅಂದದ್ದು ಸಣ್ಣ ಮಾತಲ್ಲ.

ಆ ದಾರಿಯಲ್ಲಿ ಈಗ ಸೈಕಲ್ ತುಳಿಯೋ ಮಕ್ಕಳಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ. ಅವರಿಗೆ ಗಾಳಿ, ಸಮುದ್ರ, ಕುರಿಮರಿ ಸಾಕು. ದೊಡ್ಡವರಿಗೆ ಗೊತ್ತಿದ್ರೆ ಒಳ್ಳೆಯದು. ಮಲ್‌ರಾನಿ ದಾಟಿ ಅಕಿಲ್ ಕಡೆ ಇಳಿಯೋ ಆ ಹದಿಮೂರು ಕಿಲೋಮೀಟರಿನಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗ ಆಲೂಗಡ್ಡೆ ಕೀಳೋಕೆ ಅಂತ ಹೋಗಿ ಪೆಟ್ಟಿಗೆಯಲ್ಲಿ ವಾಪಸ್ ಬಂದಿದ್ದಾನೆ. ಅದೇ ವಯಸ್ಸಿನ ಮಗು ಇವತ್ತು ಅದೇ ಮಣ್ಣಿನ ದಿಣ್ಣೆ ಮೇಲೆ ಸುಮ್ಮನೆ ಖುಷಿಗೆ ಹೋಗಿ ಸಂಜೆಗೆ ಮನೆ ಸೇರುತ್ತೆ.

ನಮ್ಮ ಕಡೆ ಈ ವರ್ಷದ ಗುಳೆ ಗಾಡಿಗಳಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟು ಹತ್ತಿದ್ರು ಅಂತ ನಿಮ್ಮ ನಿಮ್ಮ ಊರಿನ ಲೆಕ್ಕ ನಿಮಗೆ ಗೊತ್ತಿರುತ್ತೆ. ಹಾಗೇ ನಿಮ್ಮೂರಲ್ಲಿ ಒಪ್ಪಿಗೆಯ ಮೇಲೆ ಬಿಟ್ಟ ದಾರಿ ಇನ್ನೂ ಜಗಳ ಇಲ್ಲದೆ ಉಳಿದಿದ್ರೆ, ಅದು ಹೇಗೆ ಉಳೀತು ಅಂತ ಬರೀರಿ. ಅದೂ ಇತಿಹಾಸವೇ.